ನೆನ್ನೆಯಿಂದ ಅಷ್ಟೇಯ

ನಮ್ಮತ್ತೆ ದೇವಿರಮ್ಮನವರ ಬಾಯಿ ಸುತ್ತ ಏಳು ಹಳ್ಳಿಗೆ ಗೊತ್ತು. ಅವರು ಮಳವಳ್ಳಿ ಕಡೆಯ ಹೆಣ್ಣು. ಬೆಸಗರಹಳ್ಳಿ ಪಕ್ಕದ ನಮ್ಮೂರಿಗೆ ಸೊಸೆಯಾಗಿ ಬಂದಾಗ ಒಂದು ಟ್ರಂಕು, ಎರಡು ಹಿತ್ತಾಳೆ ಕೊಳಗ ಮತ್ತು ಆ ಬಾಯಿ, ಇಷ್ಟನ್ನೇ ತಂದಿದ್ದರಂತೆ. ಟ್ರಂಕು ತುಕ್ಕು ಹಿಡಿಯಿತು. ಕೊಳಗ ಸೋರಲು ಶುರುವಾಗಿ ಪಾತ್ರೆ ಅಂಗಡಿ ಸೇರಿತು. ಬಾಯಿ ಮಾತ್ರ ಐವತ್ತು ವರ್ಷ ಒಂದು ದಿನವೂ ರಜೆ ತೆಗೆದುಕೊಳ್ಳಲಿಲ್ಲ. ಒಂದು ಕಡೆ ದವಡೆಯಲ್ಲಿ ಎಲೆ ಅಡಿಕೆ ಹೊಗೆಸೊಪ್ಪು, ಇನ್ನೊಂದು ಕಡೆಯಿಂದ ಮಾತು. ಎರಡೂ ಒಟ್ಟಿಗೆ ನಡೆಯುತ್ತಿದ್ದವು.

ಈ ಕಥೆ ಆ ಬಾಯಿಯದು. ನಡುವೆ ಒಂದು ವಿಮಾ ಕಂಪನಿ ಬರುತ್ತದೆ, ನಾನೂ ಬರುತ್ತೇನೆ. ಕಂಪನಿಯನ್ನು ಬೈದು ಮುಗಿಸಿಬಿಡೋಣ ಅಂತಲೇ ಹೇಳಲು ಕೂತವಳು ನಾನು. ಆದರೆ ಹೇಳುತ್ತಾ ಹೋದರೆ ಕೊನೆಗೆ ಎಲ್ಲಿಗೆ ಬಂದು ನಿಲ್ಲುತ್ತದೆ ಅಂತ ನನಗೆ ಗೊತ್ತು.

ನಾನು ಕವಿತ. ಹದಿನಾಲ್ಕು ವರ್ಷದಿಂದ ಊರಿನ ಆಶಾ ಕಾರ್ಯಕರ್ತೆ. ನಮ್ಮ ಕಡೆ ಶಕಾರಕ್ಕೆ ನಾಲಿಗೆ ಹೊರಳುವುದಿಲ್ಲ, ಹಾಗಾಗಿ ಊರಿಗೆಲ್ಲ 'ಆಸೆ ಕವಿತಮ್ಮ'. ಯಾವ ಆಸೆಯೂ ಈಡೇರದ ಕೆಲಸಕ್ಕೆ ಹೇಳಿ ಮಾಡಿಸಿದ ಹೆಸರು. ಬಸುರಿಯರನ್ನು ಆಸ್ಪತ್ರೆಗೆ ಹೊರಡಿಸುವುದು, ಮಕ್ಕಳಿಗೆ ಲಸಿಕೆ ಹಾಕಿಸುವುದು, ಇವು ಹೇಗೋ ನಡೆಯುತ್ತವೆ. ಕಷ್ಟವೆಂದರೆ ಚೆನ್ನಾಗಿರುವವರನ್ನು ತಪಾಸಣೆಗೆ ಕರೆದೊಯ್ಯುವುದು. "ಕಾಯ್ಲೆ ಇಲ್ದೇ ಇದ್ದಾಗ ಆಸ್ಪತ್ರೆಗೆ ಯಾಕಮ್ಮ ಓಗಾದು, ಡಾಕ್ಟ್ರೇನ್ ನಮ್ ನೆಂಟ್ರಾ?" ಅನ್ನುತ್ತಾರೆ. ಬಿಪಿ ನೋಡಿಸಿ ಅಂದರೆ "ನೋಡುದ್ರೆ ತಾನೆ ಇರಾದು, ಸುಮ್ನಿದ್ದುಬುಡು" ಅನ್ನುತ್ತಾರೆ. ಹದಿನಾಲ್ಕು ವರ್ಷ ಈ ಮಾತು ಕೇಳಿ ಕೇಳಿ ಬಿಪಿ ಬಂದದ್ದು ನನಗೇ.

ನಮ್ಮ ಜನರ ಇನ್ನೊಂದು ಅಭ್ಯಾಸವನ್ನೂ ಹೇಳಬೇಕು. ನೋವು ಎಷ್ಟು ದಿನದಿಂದ ಎಂದು ಕೇಳಿದರೆ ಯಾರೂ ದಿನದ ಮಾತೇ ಎತ್ತುವುದಿಲ್ಲ. ಬಲಗೈ ಎತ್ತಿ ಹೆಗಲ ಹಿಂದಕ್ಕೆ ಒಮ್ಮೆ ಬೀಸುತ್ತಾರೆ. "ಅಯ್ಯೋ, ಅದ್ಯಾವ್ ಕಾಲ್ದಿಂದ್ಲೋ ಐತೆ ಕಣಮ್ಮ." ಮೊನ್ನೆ ಶುರುವಾದ ನೋವಿಗೆ ನಮ್ಮಲ್ಲಿ ಮರ್ಯಾದೆ ಇಲ್ಲ. ನೋವೂ ಜಮೀನಿನ ಹಾಗೆ, ತಲೆಮಾರಿನಿಂದ ಬಂದಿದ್ದರೆ ತೂಕ. ಒಂದು ವಾರದ ಕೆಮ್ಮಿಗೂ ಮಾರಮ್ಮನ ಗುಡಿಯಷ್ಟು ಹಳೆಯ ಚರಿತ್ರೆ ಕಟ್ಟುತ್ತಾರೆ.

ಎರಡು ವರ್ಷದ ಕೆಳಗೆ ನಮ್ಮ ಕಬ್ಬು ಬೆಳೆಗಾರರ ಸಹಕಾರ ಸಂಘದವರು ಆರೋಗ್ಯ ವಿಮೆಯ ಕಂಪನಿ ಬದಲಾಯಿಸಿದರು. ಹಳೆ ಕಾರ್ಡು ಹೋಗಿ 'ನೆಮ್ಮದಿ ಕುಟುಂಬ ಕವಚ' ಎಂಬ ಹೊಸ ಕಾರ್ಡು ಬಂತು. ಕಂಪನಿಯ ಕಡೆಯಿಂದ ಶಶಿಧರ್ ಎಂಬ ಮನುಷ್ಯ ಡೈರಿ ಮುಂದೆ ಸಭೆ ಸೇರಿಸಿದ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮಾತು. ಮದ್ದೂರಿನಲ್ಲಿ ಅವನ ಆಫೀಸು ಎರಡನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಮಂಡಿನೋವಿನ ಅರ್ಜಿಗಳು ಮೆಟ್ಟಿಲ ಬುಡದಲ್ಲೇ ವಿಲೇವಾರಿ ಆಗಿಬಿಡುತ್ತವೆ.

"ಈ ವರ್ಷದಿಂದ ಎರಡು ಬದಲಾವಣೆ" ಎಂದ ಶಶಿಧರ್. "ಮೊದಲನೆಯದು, ವರ್ಷಕ್ಕೊಮ್ಮೆ ಇಡೀ ಕುಟುಂಬಕ್ಕೆ ಉಚಿತ ತಪಾಸಣೆ. ಕಾಯಿಲೆ ಬರುವ ಮೊದಲೇ ತಡೆಯುವುದು ನಮ್ಮ ಧ್ಯೇಯ. ಎರಡನೆಯದು, ಪೂರ್ವಸ್ಥಿತ ಕಾಯಿಲೆಗಳಿಗೆ ಮೂರು ವರ್ಷ ರಕ್ಷಣೆ ಇರುವುದಿಲ್ಲ."

ನಮ್ಮ ಪಕ್ಕದ ಮನೆಯ ದೊಡ್ಡಬೀರಯ್ಯ ಎದ್ದು ನಿಂತ. "ಪೂರ್ವ ಅಂದ್ರೆ ಮೂಡ್ಲು ದಿಕ್ಕಲ್ವಾ ಸಾರ್? ಮೂಡ್ಲು ಕಡೆಯಿಂದ ಬಂದ ಕಾಯ್ಲೆಗೆ ಕೊಡಕಿಲ್ವಾ?"

"ಹಾಗಲ್ಲ ಯಜಮಾನ್ರೇ. ಕಾರ್ಡು ಮಾಡಿಸುವುದಕ್ಕೆ ಮೊದಲೇ ಇದ್ದ ಕಾಯಿಲೆ."

ಅತ್ತೆ ಬಾಯಲ್ಲಿದ್ದದ್ದನ್ನು ಪಕ್ಕಕ್ಕೆ ಉಗಿದು ಬಂದರು. "ಇರಾ ಕಾಯ್ಲೆಗಲ್ವೇನಪ್ಪ ಡಾಕ್ಟ್ರತ್ರ ಓಗಾದು? ಇಲ್ದೇ ಇರಾ ಕಾಯ್ಲೆ ತಕ್ಕಂಡೋಗಿ ಏನ್ ತೋರ್ಸನ?"

ಜನ ಚಪ್ಪಾಳೆ ತಟ್ಟಿದರು. ಶಶಿಧರ್ ನಕ್ಕ. ಆ ನಗುವಿಗೆ ಕಂಪನಿಯವರು ಬೇರೆಯಾಗಿ ತರಬೇತಿ ಕೊಟ್ಟಿದ್ದರೇನೋ, ಎಲ್ಲೂ ಸುಕ್ಕಿರಲಿಲ್ಲ.

ನನಗಂತೂ ಎರಡನೆಯ ಬದಲಾವಣೆ ಕಿವಿಗೇ ಬೀಳಲಿಲ್ಲ. ಉಚಿತ ತಪಾಸಣೆ, ಅದೂ ಮನೆಮಂದಿಗೆಲ್ಲ! ಹದಿನಾಲ್ಕು ವರ್ಷ ನಾನು ಬಾಯಿ ಬಡಿದುಕೊಂಡದ್ದನ್ನು ಇವರು ಕಾರ್ಡಿನ ಮೇಲೆ ಅಚ್ಚು ಹಾಕಿಸಿದ್ದರು. ಮನೆಮನೆ ತಿರುಗಿದೆ. ಬರಲ್ಲ ಅಂದವರ ಹಟ್ಟಿ ಬಾಗಿಲಲ್ಲಿ ಕೂತೆ. ಶಾಲೆಯಲ್ಲಿ ನಡೆದ ಶಿಬಿರಕ್ಕೆ ನೂರ ಹನ್ನೆರಡು ಜನರನ್ನು ತಂದು ನಿಲ್ಲಿಸಿದೆ. ಕಂಪನಿಯವರು ಮೆಚ್ಚಿ 'ಶ್ರೇಷ್ಠ ಪ್ರೇರಕಿ' ಎಂದು ಒಂದು ಪ್ರಮಾಣಪತ್ರ, ಒಂದು ಸ್ಟೀಲ್ ಡಬ್ಬಿ ಕೊಟ್ಟರು. ಸಕ್ಕರೆ ಪರೀಕ್ಷೆಗೆ ರಕ್ತ ಕೊಟ್ಟವರಿಗೆಲ್ಲ ಒಂದೊಂದು ಲಾಡು ಹಂಚಿದರು.

ಡಾಕ್ಟರ್ ದೀಪಿಕ ಎಂಬ ಚಿಕ್ಕ ವಯಸ್ಸಿನ ಹೆಣ್ಣುಮಗಳು ಮಂಡ್ಯದಿಂದ ಬಂದಿದ್ದಳು. ಅವಳು ಕೇಳುವುದು, ನಮ್ಮವರು ಹೇಳುವುದು, ಪಕ್ಕದಲ್ಲಿ ಕೂತ ಶಶಿಧರ್ ಅದನ್ನು ಅಕ್ಷರ ಬಿಡದೆ ಟ್ಯಾಬಿಗೆ ಒತ್ತುವುದು. ಎಷ್ಟು ಶ್ರದ್ಧೆ ಅಂತ ನಾನು ಮೆಚ್ಚಿಕೊಂಡಿದ್ದೆ.

"ತೊಡೆ ಸಂದಿಯ ಈ ಉಬ್ಬು ಎಷ್ಟು ದಿನದಿಂದ ಇದೆ?"

ದೊಡ್ಡಬೀರಯ್ಯ ಕೈಯನ್ನು ಹೆಗಲ ಹಿಂದಕ್ಕೆ ಬೀಸಿದ. "ಅಯ್ಯೋ, ಅದು ನಮ್ಮಪ್ಪನ್ ಕಾಲ್ದಿಂದ್ಲೂ ಐತೆ ಕಣವ್ವ." ನಿಜಕ್ಕೂ ಅದು ಕಂಡದ್ದು ಹಿಂದಿನ ತಿಂಗಳು, ಕಬ್ಬಿನ ಹೊರೆ ಎತ್ತುವಾಗ.

ಅವನ ಹೆಂಡತಿ ರೇವಮ್ಮನ ತಲೆನೋವು "ಈ ಮುನುಸ್ಯನ್ ಕಟ್ಕಂಡ ಗಳ್ಗೆಯಿಂದ". ನಮ್ಮತ್ತೆಯ ಸೊಂಟನೋವು "ಈ ಮನೆ ಹೊಸ್ಲು ತುಳ್ದಾಗ್ನಿಂದ". ಅದು ಸೊಂಟದ ಮಾತಲ್ಲ, ಸತ್ತ ಮಾವನವರ ಮನೆತನಕ್ಕೆ ಹಾಕಿದ ಚಾಟಿ ಎಂದು ಊರಿಗೆಲ್ಲ ಗೊತ್ತು. ಟ್ಯಾಬಿಗೆ ಹೇಗೆ ಗೊತ್ತಾಗಬೇಕು?

ದೀಪಾವಳಿ ಕಳೆದ ಮೇಲೆ ದೊಡ್ಡಬೀರಯ್ಯನ ಉಬ್ಬಿನಲ್ಲಿ ಕರುಳು ಸಿಕ್ಕಿಹಾಕಿಕೊಂಡಿತು. ಹೊಟ್ಟೆ ಹಿಡಿದುಕೊಂಡು ಚೀರುತ್ತಿದ್ದವನನ್ನು ಮಂಡ್ಯಕ್ಕೆ ಹೊತ್ತೊಯ್ದೆವು. ಆಪರೇಷನ್ ಆಯಿತು, ಜೀವ ಉಳಿಯಿತು. ತಿಂಗಳ ನಂತರ ಕಂಪನಿಯ ಪತ್ರ ಬಂತು. ಓದಿ ಹೇಳು ಎಂದು ರೇವಮ್ಮ ನನ್ನ ಕೈಗೆ ಕೊಟ್ಟಳು.

'ಫಲಾನುಭವಿಯ ಸ್ವಂತ ಹೇಳಿಕೆಯಂತೆ ಸದರಿ ಕಾಯಿಲೆಯು ಅವರ ತಂದೆಯವರ ಕಾಲದಿಂದಲೂ ಅಸ್ತಿತ್ವದಲ್ಲಿರುವುದರಿಂದ ಅದನ್ನು ಪೂರ್ವಸ್ಥಿತ ಕಾಯಿಲೆ ಎಂದು ಪರಿಗಣಿಸಿ ಬೇಡಿಕೆಯನ್ನು ತಿರಸ್ಕರಿಸಲಾಗಿದೆ.'

"ಅಂಗಂದ್ರೇನಮ್ಮಿ?" ಎಂದಳು ರೇವಮ್ಮ.

"ದುಡ್ಡು ಕೊಡಕಿಲ್ಲ ಅಂತ."

ಹಾಲು ಕರೆಯುತ್ತಿದ್ದ ಎರಡೂ ಹಸು ಮಾರಿದರು. ನಾನು ಅಂದೇ ಮದ್ದೂರಿಗೆ ಹೋಗಿ ಎರಡು ಮಹಡಿ ಹತ್ತಿದೆ. ಶಶಿಧರ್ ನೀರು ಕೊಟ್ಟು ಕೂರಿಸಿದ.

"ಅವರೇ ಹೇಳಿದ್ದು ಮೇಡಂ. ನಾವು ಒಂದಕ್ಷರವನ್ನೂ ಸೇರಿಸಿಲ್ಲ."

"ಅದು ಮಾತಿನ ವರಸೆ ಕಣ್ರೀ. ನಮ್ ಕಡೆ ಅಂಗೇ ಅನ್ನಾದು."

"ವರಸೆ ಅನ್ನುವುದಕ್ಕೆ ಫಾರಂನಲ್ಲಿ ಜಾಗ ಇಲ್ಲ. ಮೇಲ್ಮನವಿ ಹಾಕಿ. ತಂದೆಯವರಿಗೆ ಸಂಬಂಧಿಸಿದ ದಾಖಲೆ ಏನಾದರೂ ಇದ್ದರೆ ಲಗತ್ತಿಸಿ."

ದೊಡ್ಡಬೀರಯ್ಯನ ಅಪ್ಪ ತೀರಿಕೊಂಡಾಗ ಇವನಿಗೆ ಒಂಬತ್ತು ವರ್ಷ. ತಾಲ್ಲೂಕು ಕಚೇರಿಗೆ ಮೂರು ಸಲ ಅಲೆದು ಮರಣ ಪತ್ರ ಕಿತ್ತು ತಂದೆವು. ಅಪ್ಪ ಹೋಗಿ ಇಷ್ಟು ವರ್ಷವಾಗಿದೆ, ಅವನ ಕಾಲದ ಉಬ್ಬು ಇಷ್ಟು ದಿನ ಸುಮ್ಮನಿರುತ್ತಾ ಎಂದು ನಮ್ಮ ವಾದ. ಹದಿನೈದೇ ದಿನದಲ್ಲಿ ಉತ್ತರ ಬಂತು. 'ತಂದೆಯವರು ಮರಣಿಸಿ ಐವತ್ತಾರು ವರ್ಷಗಳಾಗಿರುವುದರಿಂದ ಕಾಯಿಲೆಗೆ ಕನಿಷ್ಠ ಐವತ್ತಾರು ವರ್ಷ ಎಂಬುದು ತಾವೇ ಒದಗಿಸಿದ ದಾಖಲೆಯಿಂದ ದೃಢಪಟ್ಟಿದೆ. ಸಹಕಾರಕ್ಕೆ ಧನ್ಯವಾದಗಳು.'

ಸಿಟ್ಟು ನೆತ್ತಿಗೇರಿತು. ನೂರ ಹನ್ನೆರಡು ಜನರನ್ನು ಕುರಿ ಹೊಡೆದ ಹಾಗೆ ಹೊಡೆದುಕೊಂಡು ಹೋಗಿ ಕೂಡಿದವಳು ನಾನೇ. ಆ ಸ್ಟೀಲ್ ಡಬ್ಬಿಯನ್ನು ತಿಪ್ಪೆಗೆ ಎಸೆದೆ. ಅತ್ತೆ ಹೋಗಿ ಎತ್ತಿಕೊಂಡು ಬಂದು ತೊಳೆದು ಅದರಲ್ಲಿ ಎಲೆ ಅಡಿಕೆ ಇಟ್ಟುಕೊಂಡರು. ಡಬ್ಬಿ ಏನು ತಪ್ಪು ಮಾಡಿತ್ತು ಅಂದರು.

ಅವತ್ತಿನಿಂದ ಸಂಜೆ ಸಂಜೆ ನಮ್ಮ ಜಗಲಿಯ ಮೇಲೆ ಪಾಠ ಶುರು ಮಾಡಿದೆ. ಪಾಠ ಒಂದೇ ಪದದ್ದು.

"ಯಾರು ಕೇಳುದ್ರೂ?"

"ನೆನ್ನೆಯಿಂದ!"

"ಸಕ್ರೆ ಕಾಯ್ಲೆ?"

"ನೆನ್ನೆಯಿಂದ!"

"ಬೀರಣ್ಣ, ಕೈ ಯಾಕೆ ಮೇಲಕ್ಕೋಯ್ತಾ ಅದೆ? ಕೈ ತೊಡೆ ಮೇಲೆ ಮಡಿಕೋ."

"ಅದು ತನ್ನಷ್ಟಕ್ಕೆ ತಾನೇ ಓಯ್ತದೆ ಕಣಮ್ಮ, ನಾನೇನ್ ಮಾಡ್ಲಿ."

ಮಾತು ಬದಲಿಸುವುದಕ್ಕಿಂತ ಕೈ ಬದಲಿಸುವುದು ಕಷ್ಟವಾಯಿತು. ಕೆಲವರಿಗೆ ಎರಡು ಕೈಯನ್ನೂ ಕಟ್ಟಿಕೊಂಡು ಕೂರಲು ಹೇಳಿದೆ. ಎಲ್ಲರಿಗಿಂತ ಚೆನ್ನಾಗಿ ಕಲಿತವರು ನಮ್ಮತ್ತೆ. "ನೆನ್ನೆಯಿಂದ ಅಷ್ಟೇಯ. ಅದ್ಕೂ ಮೊದ್ಲು ಗುಂಡ್ಕಲ್ಲಂಗಿದ್ದೆ" ಎಂದು ತಮ್ಮದೇ ಬಾಲ ಸೇರಿಸಿಕೊಂಡು ಒಪ್ಪಿಸುತ್ತಿದ್ದರು. ಊರೆಲ್ಲ ನಗುತ್ತಿತ್ತು. ನಾನೂ ನಗುತ್ತಿದ್ದೆ. ಕಂಪನಿಯವರು ಚಾಪೆ ಕೆಳಗೆ ತೂರಿದರೆ ನಾವು ರಂಗೋಲಿ ಕೆಳಗೆ ತೂರುತ್ತೇವೆ ಅನ್ನುವ ಜಂಬ ನನಗೆ.

ಮುಂದಿನ ಶ್ರಾವಣದಲ್ಲಿ ಎರಡನೇ ಶಿಬಿರ ಬಂತು. ಅದೇ ಶಾಲೆ, ಅದೇ ದೀಪಿಕ, ಅದೇ ಶಶಿಧರ್, ಅದೇ ಲಾಡು. ಆದರೆ ಊರು ಮಾತ್ರ ಅದಲ್ಲ. ಇಡೀ ಊರಿಗೆ ಊರೇ ಮೊನ್ನೆಯವರೆಗೆ ಆರೋಗ್ಯವಾಗಿತ್ತು. ಸಕ್ಕರೆ, ಬಿಪಿ, ಮಂಡಿ, ಕಣ್ಣಿನ ಪೊರೆ ಎಲ್ಲವೂ ನೆನ್ನೆ ಒಂದೇ ದಿನ ಊರಿಗೆ ನುಗ್ಗಿದ್ದವು. ಸಿದ್ದರಾಜು ಅಂತ ಒಬ್ಬನಿದ್ದಾನೆ, ಹದಿನೆಂಟು ವರ್ಷದ ಹಿಂದೆ ಆಲೆಮನೆ ಗಾಣಕ್ಕೆ ಕಿರುಬೆರಳು ಕೊಟ್ಟವನು. ಬೆರಳು ಎಲ್ಲಿ ಎಂದು ಕೇಳಿದ್ದಕ್ಕೆ ಅವನೂ ಕೈಕಟ್ಟಿ ನಿಂತು, "ನೆನ್ನೆಯಿಂದ ಇಲ್ಲ ಸಾರ್" ಎಂದ. ಶಶಿಧರ್ ತಲೆಯೆತ್ತದೆ ಒತ್ತಿಕೊಂಡ.

ದೀಪಿಕ ಮಧ್ಯಾಹ್ನದ ಹೊತ್ತಿಗೆ ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದಳು. "ನೆನ್ನೆ ಈ ಊರಲ್ಲಿ ಏನಾಯ್ತು ಆಶಾ ಮೇಡಂ?" ಎಂದಳು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕೆ.

ಆಮೇಲೆ ಅತ್ತೆಯ ಸರದಿ ಬಂತು. ದೀಪಿಕ ಬಾಯಿ ತೆರೆಸಿ ಟಾರ್ಚು ಬಿಟ್ಟಳು. ಕೆನ್ನೆ ಎಳೆದು ನೋಡಿದಳು. ಮತ್ತೊಮ್ಮೆ ನೋಡಿದಳು.

"ಎಡಗೆನ್ನೆ ಒಳಗೆ ಒಂದು ಹುಣ್ಣಿದೆ ಅಜ್ಜಿ. ಎಷ್ಟು ದಿನದಿಂದ?"

ಅತ್ತೆಯ ಬಲಗೈ ತೊಡೆಯಿಂದ ಎದ್ದು ಹೆಗಲ ಕಡೆಗೆ ಹೊರಟಿತ್ತು. ನಾನು ಕೆಮ್ಮಿದೆ. ಕೈ ಅರ್ಧ ದಾರಿಯಲ್ಲಿ ನಿಂತು ವಾಪಸು ಬಂತು.

"ನೆನ್ನೆಯಿಂದ ಅಷ್ಟೇಯ. ಎಲಡ್ಕೆ ಅಗೀವಾಗ ಕಚ್ಕಂಡೆ."

ಕಚ್ಚಿಕೊಂಡ ಕಥೆ ನಾನು ಹೇಳಿಕೊಟ್ಟದ್ದಲ್ಲ, ಅವರದೇ ಸೇರ್ಪಡೆ. ಎಂಥ ಬುದ್ಧಿ ನಮ್ಮತ್ತೆಗೆ ಅಂತ ಹಿಗ್ಗಿ ಹೋದೆ.

ದೀಪಿಕ ಅತ್ತೆಯನ್ನು ಬಿಟ್ಟು ನನ್ನ ಕಡೆ ತಿರುಗಿದಳು. "ನಿಜವಾಗಲೂ ನೆನ್ನೆಯಿಂದಾನಾ ಮೇಡಂ? ಅದಕ್ಕಿಂತ ಹಳೇದಾಗಿದ್ರೆ ಹೇಳಿಬಿಡಿ."

ಒಂದು ಮಾರು ದೂರದಲ್ಲಿ ಶಶಿಧರ್ ಟ್ಯಾಬಿನ ಮೇಲೆ ಬೆರಳಿಟ್ಟು ಕಾಯುತ್ತಿದ್ದ. ನಾನು ಹೌದೆಂದು ತಲೆಯಾಡಿಸಿದೆ. ಆ ಬಾಯೊಳಗೆ ನಾನು ಇಣುಕಿಯೂ ನೋಡಿರಲಿಲ್ಲ.

"ಹದಿನೈದು ದಿನ ನೋಡಿ. ವಾಸಿಯಾಗದಿದ್ದರೆ ಮಂಡ್ಯಕ್ಕೆ ನನ್ನ ಹತ್ತಿರ ಕರೆದುಕೊಂಡು ಬನ್ನಿ" ಎಂದು ಹಚ್ಚಿಕೊಳ್ಳಲು ಒಂದು ಟ್ಯೂಬು ಕೊಟ್ಟಳು. ಹಿಂದೆ ಇನ್ನೂ ಅರವತ್ತು ಜನ ನಿಂತಿದ್ದರು. ಟ್ಯೂಬನ್ನು ಅತ್ತೆಯ ಕೈಗೆ ಕೊಟ್ಟೆ, ಹದಿನೈದು ದಿನವನ್ನು ಮರೆತೆ.

ತಿಂಗಳೊಳಗೆ ಕಂಪನಿಯಿಂದ ಒಂದು ಫಲಕ ಬಂತು. ಹಳೆಯ ಕಾಯಿಲೆ ಒಂದೂ ಇಲ್ಲದ ಊರು ಎಂದು ನಮ್ಮೂರಿಗೆ 'ಸ್ವಸ್ಥ ಗ್ರಾಮ' ಪ್ರಶಸ್ತಿ. ಡೈರಿ ಗೋಡೆಗೆ ಮೊಳೆ ಹೊಡೆದು ನೇತು ಹಾಕಿದರು. ಮೊಳೆ ಹೊಡೆದವನು ಸಿದ್ದರಾಜು.

ಗೌರಿ ಹಬ್ಬ ಆಗಿ ನಾಲ್ಕು ದಿನವಾಗಿತ್ತು. ಹೊಗೆಸೊಪ್ಪಿನ ಕೇಡಿನ ಬಗ್ಗೆ ಹೆಂಗಸರಿಗೆ ಹೇಳಬೇಕು ಎಂದು ಉಪಕೇಂದ್ರದಿಂದ ಚಿತ್ರದ ಹಾಳೆ ಕೊಟ್ಟಿದ್ದರು. ಅರಳಿಕಟ್ಟೆಯಲ್ಲಿ ಹತ್ತು ಜನರನ್ನು ಕೂರಿಸಿಕೊಂಡು ಹಾಳೆ ಬಿಚ್ಚಿದೆ. "ಬಾಯಲ್ಲಿ ಇಂಥ ಬಿಳಿ ಅಂಚಿನ ಹುಣ್ಣಾಗಿ ಮೂರು ವಾರ ಆದ್ರೂ ಮಾಯದಿದ್ರೆ ತಡ ಮಾಡ್ಬೇಡಿ. ಬೇಗ ಬಂದ್ರೆ ಚಿಕ್ಕದ್ರಲ್ಲೇ ಮುಗೀತದೆ" ಎಂದು ಗಿಣಿಪಾಠ ಒಪ್ಪಿಸಿದೆ.

ರೇವಮ್ಮ ಹಾಳೆಯ ಹತ್ತಿರ ಬಂದು ಬಗ್ಗಿ ನೋಡಿದಳು. "ಇದು ನಿಮ್ಮತ್ತೆ ಬಾಯಲ್ಲಿರಾದು ಅಲ್ವೇನಮ್ಮಿ? ಮೊನ್ನೆ ಆಕಳಿಸ್ವಾಗ ಕಂಡೆ. ಇಂಗೇ ಇತ್ತು."

ಹಾಳೆಯನ್ನು ಅಲ್ಲೇ ಬಿಟ್ಟು ಮನೆಗೆ ನಡೆದೆ. ದಾರಿಯುದ್ದಕ್ಕೂ ಒಂದೊಂದೇ ನೆನಪಾಗತೊಡಗಿತು. ಎಲೆ ಅಡಿಕೆ ಎಡದವಡೆಯಿಂದ ಬಲದವಡೆಗೆ ಬಂದು ಎಷ್ಟೋ ದಿನವಾಗಿತ್ತು. ಸಾರಿಗೆ ಮಜ್ಜಿಗೆ ಸುರಿದುಕೊಳ್ಳುತ್ತಿದ್ದರು. ರೊಟ್ಟಿ ಬೇಡ ಅನ್ನುತ್ತಿದ್ದರು. ಹೊತ್ತು ಹೊತ್ತಿಗೆ ಮುದ್ದೆ ಉಣ್ಣುತ್ತಿದ್ದರಲ್ಲ, ಅದಕ್ಕೇ ನಾನು ನಿಶ್ಚಿಂತೆಯಾಗಿದ್ದೆ. ಮುದ್ದೆ ಯಾರು ಅಗಿಯುತ್ತಾರೆ? ನುಂಗುವುದು ತಾನೆ. ಬಾಯಿ ಸುಟ್ಟು ಹೋಗಿದ್ದರೂ ಮಂಡ್ಯದವರು ಮುದ್ದೆ ನುಂಗುತ್ತಾರೆ, ಎದುರಿಗೆ ಕೂತವರಿಗೆ ತಿಳಿಯುವುದಿಲ್ಲ.

ಅತ್ತೆ ಜಗಲಿಯಲ್ಲಿ ಅಲಸಂದೆಕಾಯಿ ಬಿಡಿಸುತ್ತಿದ್ದರು. ಗಲ್ಲ ಹಿಡಿದು ಬಾಯಿ ತೆರೆಸಿದೆ. ಹಾಳೆಯ ಚಿತ್ರವೇ ಅಲ್ಲಿತ್ತು, ಚಿತ್ರಕ್ಕಿಂತ ದೊಡ್ಡದಾಗಿ.

"ಎಷ್ಟ್ ದಿನದಿಂದ ಅತ್ತೆ?"

"ನೆನ್ನೆಯಿಂದ."

"ಅತ್ತೆ, ನಾನ್ ಕಣತ್ತೆ. ಕಂಪನಿಯವ್ನಲ್ಲ."

"ಯಾರು ಕೇಳುದ್ರೂ ಅಂಗೇ ಅನ್ನಿ ಅಂದೋಳು ನೀನೇ ಅಲ್ವೇನಮ್ಮಿ? ಕಾರ್ಡು ಕಿತ್ಕಂಡ್ರೆ ನಿನ್ ಗಂಡ ಹಸ ಮಾರ್ಬೇಕಾಯ್ತದೆ ಅಂತ ಸುಮ್ನಿವ್ನಿ." ಅಲಸಂದೆಕಾಯಿ ಮೊರವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಮೆಲ್ಲಗೆ ಹೇಳಿದರು. "ಒಸ್ತೊಡ್ಕಿನ್ ದಿನದಿಂದ."

ಯುಗಾದಿಯ ಮಾರನೆಯ ದಿನ, ಹೊಸತೊಡಕು. ಅವತ್ತು ನಾನು ಮಟನ್ ಸಾರು ಮಾಡಿದ್ದೆ. ಒಂದು ತುತ್ತು ಬಾಯಿಗಿಟ್ಟವರೇ ಅತ್ತೆ, "ಬಾಯಿ ಬೆಂದೋಯ್ತದೆ, ಇದೇನ್ ಸಾರಾ ಬೆಂಕಿಯಾ?" ಎಂದು ತಟ್ಟೆ ತಳ್ಳಿದ್ದರು. ನೆಂಟರ ಮುಂದೆ ಹೀಗಂದರಲ್ಲ ಎಂದು ನನಗೆ ಉರಿದುಹೋಗಿತ್ತು. ಕಾರ ಜಾಸ್ತಿ ಆಗಿಲ್ಲ, ನಿಮ್ಮ ನಾಲಿಗೆಯೇ ಕಾರ ಅಂತ ತಿರುಗಿ ಅಂದಿದ್ದೆ. ಎರಡು ದಿನ ನಾವಿಬ್ಬರೂ ಮಾತಾಡಿರಲಿಲ್ಲ. ಅದಾಗಿ ಐದು ತಿಂಗಳು ದಾಟಿತ್ತು.

ಮರುದಿನ ಬೆಳಿಗ್ಗೆ ಮಂಡ್ಯದ ಬಸ್ಸಿನಲ್ಲಿ ನನ್ನ ಗಂಡ ಶಿವರಾಜು ಕಿವಿಯಲ್ಲಿ ಪಿಸುಗುಟ್ಟಿದರು. "ನೆನ್ನೆಯಿಂದ ಅಂತ್ಲೇ ಯೇಳು. ನಿಜ ಯೇಳುದ್ರೆ ಬೀರಣ್ಣಂಗಾದಂಗೇ ನಮ್ಗೂ ಆಯ್ತದೆ." ಅವರದು ತಪ್ಪೆಂದು ನಾನು ಹೇಗೆ ಹೇಳಲಿ? ಆ ಪಾಠದ ಮೇಷ್ಟ್ರು ನಾನೇ.

ದೀಪಿಕ ನಮ್ಮನ್ನು ಗುರುತು ಹಿಡಿದಳು. ಟಾರ್ಚು ಬಿಟ್ಟು ನೋಡಿದಳು. ಈ ಸಲ ಎರಡನೇ ಬಾರಿ ನೋಡುವ ಅಗತ್ಯ ಬೀಳಲಿಲ್ಲ.

"ಎಷ್ಟು ದಿನದಿಂದ?"

ಅತ್ತೆ ನನ್ನ ಮುಖ ನೋಡಿದರು. ಶಿವರಾಜು ನೆಲ ನೋಡುತ್ತಿದ್ದರು.

"ಯುಗಾದಿಯಿಂದ" ಎಂದೆ.

"ಅಂದರೆ ಶಿಬಿರದ ದಿನಕ್ಕೇ ನಾಲ್ಕು ತಿಂಗಳಾಗಿತ್ತು." ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಅಜ್ಜಿ ಹೇಳಿದ್ದನ್ನ ನಾನು ಅವತ್ತು ನಂಬಿರಲಿಲ್ಲ ಮೇಡಂ. ಬೆರಳು ನೆನ್ನೆಯಿಂದ ಇಲ್ಲ ಅನ್ನೋ ಊರಿನ ಮಾತನ್ನ ಯಾರು ನಂಬ್ತಾರೆ? ನೀವು ತಲೆಯಾಡಿಸಿದ್ರಲ್ಲ, ಅದನ್ನ ನಂಬಿದೆ."

ಹದಿನಾಲ್ಕು ವರ್ಷ ಮನೆಮನೆ ಅಲೆದು ಸಂಪಾದಿಸಿದ್ದು ಅದೊಂದೇ, ನನ್ನ ಮಾತಿಗೆ ಡಾಕ್ಟರುಗಳು ಕೊಡುತ್ತಿದ್ದ ಬೆಲೆ. ಅದನ್ನು ಒಂದು ಟ್ಯಾಬಿನ ಎದುರು ಕೆಡಿಸಿಕೊಂಡಿದ್ದೆ.

ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಅಂತಲೇ ಬಂತು. ಶ್ರಾವಣದಲ್ಲೇ ಬಂದಿದ್ದರೆ ಕೆನ್ನೆಯ ಒಳಗಿನದಷ್ಟನ್ನೇ ತೆಗೆದು ಮುಗಿಸಬಹುದಿತ್ತಂತೆ. ಈಗ ಮೂಳೆಗೆ ಇಳಿದಿತ್ತು. ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ಕೆಳದವಡೆಯ ಎಡಭಾಗ ತೆಗೆದರು. ಜೀವಕ್ಕೆ ಅಪಾಯ ಸದ್ಯಕ್ಕಿಲ್ಲ ಎಂದರು. ಮಾತು? ಅಭ್ಯಾಸ ಮಾಡಿದರೆ ಸ್ವಲ್ಪ ಬರಬಹುದು ಎಂದರು. ಸ್ವಲ್ಪವಂತೆ, ನಮ್ಮತ್ತೆಗೆ.

ಕಂಪನಿಯ ಪತ್ರವೂ ತಪ್ಪದೆ ಬಂತು. 'ಶಿಬಿರದಲ್ಲಿ ನೆನ್ನೆಯಿಂದ ಎಂದೂ ಆಸ್ಪತ್ರೆಯಲ್ಲಿ ಯುಗಾದಿಯಿಂದ ಎಂದೂ ವ್ಯತಿರಿಕ್ತ ಹೇಳಿಕೆ ನೀಡಿ ಸತ್ಯಾಂಶ ಮರೆಮಾಚಿರುವುದರಿಂದ ಬೇಡಿಕೆಯನ್ನು ತಿರಸ್ಕರಿಸಲಾಗಿದೆ.' ಹುಣ್ಣು ಎದ್ದದ್ದು ಕಾರ್ಡು ಬಂದು ವರ್ಷವಾದ ಮೇಲೆ, ಮೊದಲೇ ನಿಜ ಹೇಳಿದ್ದರೂ ಅದು ಪೂರ್ವಸ್ಥಿತ ಆಗುತ್ತಿರಲಿಲ್ಲ. ಅಲ್ಲಿಗೆ ದೊಡ್ಡಬೀರಯ್ಯನಿಗೆ ಮನಸ್ಸು ಬಿಚ್ಚಿ ಮಾತಾಡಿದ್ದಕ್ಕೆ ಇಲ್ಲ, ನಮ್ಮತ್ತೆಗೆ ಮುಚ್ಚಿಟ್ಟದ್ದಕ್ಕೆ ಇಲ್ಲ. ಕಂಪನಿಯಲ್ಲಿ ಭೇದಭಾವ ಇಲ್ಲ ಅಂತ ಯಾರು ಬೇಕಾದರೂ ಪ್ರಮಾಣ ಮಾಡಬಹುದು.

ಸಂಕ್ರಾಂತಿ ಹತ್ತಿರ ಬಂದಾಗ ಶಶಿಧರ್ ಕಾರ್ಡು ನವೀಕರಿಸಲು ಮನೆಮನೆಗೆ ಬಂದ. ಬಂದ ಕೂಡಲೇ ಓಡಿಸಬೇಕೆಂದಿದ್ದೆ. ಶಿವರಾಜು ತಡೆದರು, ಮನೆಯಲ್ಲಿ ಇನ್ನೂ ಮೂರು ಜನ ಇದ್ದೇವಲ್ಲ ಎಂದರು. ಅತ್ತೆ ಜಗಲಿ ಕಂಬಕ್ಕೆ ಒರಗಿ ಕೂತಿದ್ದರು. ಒಂದು ಕೆನ್ನೆ ಒಳಗೆ ಹೋಗಿತ್ತು. ಮಡಿಲಲ್ಲಿ ಆ ಸ್ಟೀಲ್ ಡಬ್ಬಿ, ಈಗ ಅದರಲ್ಲಿ ಎಲೆ ಅಡಿಕೆ ಇರಲಿಲ್ಲ, ಬಾಯಿ ಒರೆಸಿಕೊಳ್ಳುವ ಬಟ್ಟೆ ಇತ್ತು. ಪಕ್ಕದಲ್ಲಿ ರೇವಮ್ಮ, ದೊಡ್ಡಬೀರಯ್ಯ ಕೂತಿದ್ದರು.

ಶಶಿಧರ್ ಟ್ಯಾಬು ತೆರೆದು ಅತ್ತೆಯ ಕಡೆ ಬಗ್ಗಿದ. "ಅಜ್ಜಿ, ಈ ತೊಂದರೆ ಎಷ್ಟು ದಿನದಿಂದ ಇದೆ?"

ಅತ್ತೆಯ ಬಲಗೈ ಡಬ್ಬಿಯ ಮೇಲಿಂದ ಎದ್ದಿತು. ಮೇಲಕ್ಕೆ ಹೋಯಿತು. ನಾನು ಕೆಮ್ಮಲಿಲ್ಲ. ಕೈ ಹೆಗಲು ದಾಟಿ ಹಿಂದಕ್ಕೆ ಬೀಸಿತು, ಹಳೆಯ ದೇವಿರಮ್ಮನ ಬೀಸು, ಸೊಸೆಯಾಗಿ ಬಂದ ದಿನದವರೆಗೂ ಹೋಗಿ ಬರುವಂಥದ್ದು. ರೇವಮ್ಮ ನಗಲು ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

"ಇದಕ್ಕೆ ಏನಂತ ಬರೆದುಕೊಳ್ಳಲಿ ಮೇಡಂ?" ಶಶಿಧರ್ ನನ್ನ ಕಡೆ ತಿರುಗಿದ. "ನೆನ್ನೆಯಿಂದ ಅಂತ ಹಾಕಿಬಿಡಲಾ?"

ಎಲ್ಲರೂ ನನ್ನ ತಲೆಯನ್ನೇ ನೋಡುತ್ತಿದ್ದರು. ಸುಮ್ಮನೆ ಒಮ್ಮೆ ಆಡಿಸಿದರೆ ಅವನ ಕೆಲಸ ಮುಗಿಯುತ್ತಿತ್ತು.

"ಒಸ್ತೊಡ್ಕಿನ್ ದಿನದಿಂದ ಅಂತ ಬರ್ಕೊಳ್ಳಪ್ಪ" ಎಂದೆ. "ಅವತ್ತು ನಾನ್ ಮಾಡಿದ್ ಸಾರ್ಗೆ ಕಾರ ಜಾಸ್ತಿ ಆಗಿರ್ಲಿಲ್ಲ ಅಂತ್ಲೂ ಬರ್ಕೋ."

ಅದಕ್ಕೆ ಫಾರಂನಲ್ಲಿ ಜಾಗ ಇಲ್ಲ ಎಂದ.